ಪೂರ್ವಪಕ್ಷ

ವಾದಿರಾಜರು ನಿಂತೇ ಮಾತಾಡುತ್ತಿದ್ದರು. ಚಿಕ್ಕಪೇಟೆಯ ರೇಷ್ಮೆ ಸೀರೆ ಅಂಗಡಿಯ ಮೇಲಿನ ಮಹಡಿ. ಬಿಳಿ ಗಾದಿಯ ಮೇಲೆ ಮಾಲೀಕ ಮನೋಹರ್, ಸುತ್ತ ಕೆಲಸದವರು. ಬಸವನಗುಡಿಯಲ್ಲಿ ಬಹುಕಾಲ ಇತಿಹಾಸ ಕಲಿಸಿದ ಮೇಷ್ಟ್ರಿಗೆ ಕೇಳುವವರು ಸಿಕ್ಕಿಬಿಟ್ಟರೆ ಹೊತ್ತಿನ ಪರಿವೆ ಇರುವುದಿಲ್ಲ.

ಅವರನ್ನು ಮೆಟ್ರೋ ಹತ್ತಿಸಿ ಕರೆತಂದವಳು ಹಿಂದಿನ ಬೀದಿಯ ಮಾಧವಿ. ಈ ಅಂಗಡಿಯಲ್ಲಿ ಸೀರೆಗೆ ಫಾಲ್ಸ್ ಹೊಲಿಯುತ್ತಾಳೆ. ಮಗಳು ತುಮಕೂರಿನ ಹಾಸ್ಟೆಲಿನಲ್ಲಿ. ಮಕ್ಕಳನ್ನು ನೋಡಲು ಅಲ್ಲಿ ಬಿಡುವುದು ಭಾನುವಾರ ಮಾತ್ರ. ಮನೋಹರ್ ಈಗ ಭಾನುವಾರವೂ ಬಾಗಿಲು ತೆಗೆದು, ರಜೆಯನ್ನು ಮಂಗಳವಾರಕ್ಕೆ ಹಾಕಲು ಹೊರಟಿದ್ದ. ಭಾನುವಾರ ಇಂಗ್ಲಿಷಿನವರ ಚರ್ಚಿನ ದಿನ, ನಮಗೇಕೆ ಎಂಬುದು ಅವನ ವಾದ. ಆದರೂ ಮಾಧವಿ ಕೇಳಿಕೊಂಡಾಗ, ತನ್ನ ಹಳೆಯ ಮೇಷ್ಟ್ರು ಹೇಳಿದಂತಾಗಲಿ ಎಂದು ಒಪ್ಪಿದ್ದ.

ಮೇಷ್ಟ್ರದು ಮನೆತನದ ಪದ್ಧತಿ. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ತಾವೇ ಮಂಡಿಸಬೇಕು, ಆಮೇಲೆ ಖಂಡಿಸಬೇಕು. ಪೂರ್ವಪಕ್ಷ ಮೊದಲು, ಸಿದ್ಧಾಂತ ಆಮೇಲೆ. ಅವರಜ್ಜ ಮಠದಲ್ಲಿ ವಾದ ಮಾಡುತ್ತಿದ್ದುದೂ ಹಾಗೆಯೇ. ಭಾನುವಾರದ ರಜೆ ಕಂಪನಿ ಸರ್ಕಾರದ ಕಚೇರಿಗಳಿಗೆ ಬಂದದ್ದು ಪಾದ್ರಿಗಳ ಒತ್ತಾಯದಿಂದ, ನಮ್ಮ ಕಸುಬಿನವರು ಕೈ ಕಟ್ಟಿ ಕೂರುತ್ತಿದ್ದದ್ದು ಅಮಾವಾಸ್ಯೆಗೆ, ಎಂದೆಲ್ಲ ಸೊಗಸಾಗಿ ವಿವರಿಸಿದರು. ಮನೋಹರ್ ತಲೆದೂಗಿದ. ಮೇಷ್ಟ್ರಿಗೆ ಖುಷಿಯಾಯಿತು, ಪಾಪ. ನೀರು ಕುಡಿಯಲು ನಿಲ್ಲಿಸಿದರು.

ಅಷ್ಟರಲ್ಲಿ ಅವನು ಎದ್ದು ಬಂದು ಅವರ ಕಾಲು ಮುಟ್ಟಿದ. “ಮೇಷ್ಟ್ರೇ ಹೇಳಿದ್ಮೇಲೆ ಮುಗೀತು. ನಾಳೆ ಭಾನುವಾರದಿಂದ್ಲೇ ಬಾಗಿಲು ತೆಗೆಯೋಣ.”

“ಇದು ಪೂರ್ವಪಕ್ಷ ಕಣಪ್ಪ. ನಂದು ಇನ್ನೂ ಶುರುವಾಗಿಲ್ಲ.”

ಮುಂಬೈ ಗಿರಣಿಯ ಕಾರ್ಮಿಕರು ಅದೇ ಭಾನುವಾರ ತಮ್ಮ ದೇವರು ಖಂಡೋಬನ ದಿನವೆಂದು ರಜೆ ಕೇಳಿ ಹೋರಾಡಿದ್ದರು, ಸರ್ಕಾರ ವಾರದ ರಜೆಗೆ ಕಾನೂನು ತಂದದ್ದು ಆಮೇಲೆ ಎಂದು ಹೇಳಲು ಹೊರಟರು. ಆದರೆ ಕೆಳಗೆ ಗಿರಾಕಿಗಳು ಬಂದಿದ್ದರು. ಕೆಲಸದವರು ಒಬ್ಬೊಬ್ಬರಾಗಿ ಮೆಟ್ಟಿಲಿಳಿದರು. ಮನೋಹರ್ ಕಾಫಿ ತರಿಸುತ್ತೇನೆ ಎನ್ನುತ್ತಾ ಖಂಡೋಬನ ಮಧ್ಯದಲ್ಲೇ ಹೊರಟುಹೋದ.

ಮಾಧವಿ ಮಾತ್ರ ಉಳಿದಳು. ಅವಳು ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು. ನಾಚಿಕೆಯಿಂದ ಮೇಷ್ಟ್ರಿಗೆ ಮುಖವೆತ್ತಲಾಗಲಿಲ್ಲ.

“ನಮ್ ಕಡೆ ಮಾತನ್ನ ಮೊದ್ಲೇ ಹೇಳ್ಬಿಡ್ಬೋದಿತ್ತಲ್ಲ ಸಾರ್?”

“ಅದು ಕ್ರಮ ಅಲ್ಲಮ್ಮ,” ಎಂದು ಅಭ್ಯಾಸಬಲದಿಂದ ಅಂದುಬಿಟ್ಟರು.

ಅವಳು ಹೂಂ ಎಂದಳು. ಚೀಲದಿಂದ ಒಂದು ಪೊಟ್ಟಣ ತೆಗೆದಳು. ಬೆಳಿಗ್ಗೆ ಕರಿದ ಕೋಡುಬಳೆ, ನಾಳೆ ಮಗಳಿಗೆ ಕೊಡಬೇಕೆಂದಿದ್ದದ್ದು.

“ನೀವು ತಗೊಂಡೋಗಿ ಸಾರ್. ಇಟ್ರೆ ಮೆತ್ತಗಾಗುತ್ತೆ.”

ಮೇಷ್ಟ್ರು ಎರಡೂ ಕೈ ಚಾಚಿ ತೆಗೆದುಕೊಂಡರು. ಅವಳು ಮೂಲೆಗೆ ಹೋಗಿ ಕೂತು, ಮಡಿಲಿಗೆ ಸೀರೆ ಎಳೆದುಕೊಂಡು ಸೂಜಿಗೆ ದಾರ ಪೋಣಿಸತೊಡಗಿದಳು.