ಆಚೆ ಜಿಲ್ಲೆಯ ಕಮರಿ

ಥೇನ್ ನನ್ನ ಬಲಗೈ ಮುರಿದದ್ದು ಅಡುಗೆಮನೆಯ ಬಾಗಿಲಲ್ಲಿ. ಮಣಿಕಟ್ಟನ್ನು ಸಂದಿಗೆ ಹಿಡಿದು ಬಾಗಿಲನ್ನು ಒದ್ದ. ಮೊದಲನೇ ಸಲಕ್ಕೆ ಮುರಿಯಲಿಲ್ಲ, ಮತ್ತೆ ಒದ್ದ. ಆಮೇಲೆ ತಾನೇ ಪಕ್ಕದಲ್ಲಿ ಕೂತು ದಬ್ಬೆ ಕಟ್ಟಿದ. ಆಸ್ಪತ್ರೆಯ ನರ್ಸ್ ಆ ಕಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, "ಥೇನ್ ಕಟ್ಟಿದ್ದಾ? ಇಂಥ ಗಂಡ ಸಿಗೋಕೂ ಪುಣ್ಯ ಬೇಕು ಬಿಡು ನೆಡ್ರಾ" ಅಂದಳು. ಗಾಳಿಗೆ ಬಾಗಿಲು ಬಡಿಯಿತು ಎಂದು ನಾನೇ ಹೇಳಿದ್ದೆ.

ನಮ್ಮ ಊರಿನಲ್ಲಿ ಥೇನ್ ಎಂದರೆ ದೇವರಿಗಿಂತ ಒಂದೇ ಮೆಟ್ಟಿಲು ಕೆಳಗೆ. ದಕ್ಷಿಣ ಯೂಟಾದ ಈ ಕೆಂಪು ಕಲ್ಲಿನ ಸೀಮೆಯಲ್ಲಿ ಯಾರಾದರೂ ಕಮರಿಗೆ ಬೀಳದ ವರ್ಷವಿಲ್ಲ. ಜಿಲ್ಲೆಯ ರಕ್ಷಣಾ ತಂಡದಲ್ಲಿ ಹಗ್ಗ ಕಟ್ಟಿಕೊಂಡು ಇಳಿದು, ಬಿದ್ದವರನ್ನು ಮಗುವಿನಂತೆ ಎತ್ತಿಕೊಂಡು ಬರುವವನು ಅವನು. ಸಂಬಳವಿಲ್ಲ, ಸೇವೆ. ನಮ್ಮ ಚರ್ಚಿನ ಬಿಷಪ್ಪರ ಮಗನನ್ನು ತಂದದ್ದೂ ಅವನೇ. ಆ ಕೈಗಳೇ ಮನೆಯಲ್ಲಿ ನನ್ನ ಕುತ್ತಿಗೆ ಹಿಸುಕುತ್ತವೆ ಎಂದರೆ ಯಾರು ನಂಬಬೇಕು? ಪಕ್ಕೆಲುಬು ಮುರಿದಾಗ ಕೊನೆಗೂ ಬಾಯಿಬಿಟ್ಟೆ. ಅವನು ನನ್ನ ಹತ್ತಿರ ಸುಳಿಯಬಾರದೆಂದು ಕೋರ್ಟು ತಾತ್ಕಾಲಿಕ ಆದೇಶ ಕೊಟ್ಟಿತು. ಅದನ್ನು ಕಾಯಂ ಮಾಡುವ ವಿಚಾರಣೆ ಜನವರಿ ಕೊನೆಯಲ್ಲಿತ್ತು. ಅಷ್ಟರಲ್ಲಿ ಊರಿಗೆ ಊರೇ ನನ್ನನ್ನು ಕಂಡರೆ ಮುಖ ತಿರುಗಿಸತೊಡಗಿತು.

ನನ್ನ ಕಡೆ ನಿಂತವಳು ಅರ್ಡೆತ್ ಚಿಕ್ಕಮ್ಮ ಒಬ್ಬಳೇ. ಅಮ್ಮನ ತಂಗಿ, ಹಳೇ ಬಟ್ಟೆಯ ಅಂಗಡಿ ನಡೆಸುತ್ತಾಳೆ, ಮೊಣಕಾಲು ಸೋತಿದೆ, ನಾಲಿಗೆ ಸೋತಿಲ್ಲ. ಅವಳ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ನಾನು ಪ್ರವಾಸದ ಲೆಕ್ಕಾಚಾರ ಹಾಕತೊಡಗಿದೆ. ಒಬ್ಬಳೇ, ಈ ಚಳಿಯಲ್ಲಿ, ಕಮರಿಗಳ ನಡುವೆ, ಒಂದು ವಾರ.

"ತಲೆ ನೆಟ್ಟಗಿದ್ಯೇನೇ ನಿಂಗೆ?" ಅಂದಳು ಚಿಕ್ಕಮ್ಮ.

"ಚಿಕ್ಕೋಳಿದ್ದಾಗ ಅಪ್ಪನ ಜೊತೆ ಹೋಗ್ತಿದ್ದೆ, ಆಮೇಲೆ ಅವನ ಜೊತೆ. ಒಬ್ಬಳೇ ಒಂದು ಸಲಾನೂ ಹೋಗಿಲ್ಲ ಚಿಕ್ಕಮ್ಮ. ನಾನಿಲ್ದೆ ನೀನು ಅಲ್ಲಿ ಒಂದು ರಾತ್ರಿ ಬದುಕಲ್ಲ ಅಂತಿದ್ದ."

"ಅವನಿಗೆ ತೋರ್ಸೋಕೆ ಹೋಗಿ ಹೆಪ್ಪುಗಟ್ಟಿ ಸಾಯ್ತೀಯಾ?"

"ತೋರ್ಸೋಕಲ್ಲ. ಇಲ್ಲಿ ಅವನ ಟ್ರಕ್ಕು ರಸ್ತೇಲಿ ಹೋದ್ರೆ ಎಚ್ಚರ ಆಗತ್ತೆ. ವಿಚಾರಣೆಗೆ ಮುಂಚೆ ನಾನೊಂದು ನಾಲ್ಕು ದಿನ ನಿದ್ದೆ ಮಾಡ್ಬೇಕು."

ಚಿಕ್ಕಮ್ಮ ಎದ್ದು ಹೋಗಿ ಅಂಗಡಿಯಿಂದ ಉಣ್ಣೆಯ ಒಳಚಡ್ಡಿ, ಯಾರೋ ಬೇಟೆಗಾರ ಬಿಟ್ಟುಹೋದ ದಪ್ಪ ಅಂಗಿ, ಜೋಡಿ ಹೊಂದದ ಕೈಗವಸು ತಂದು ನನ್ನ ಮಡಿಲಿಗೆ ಹಾಕಿದಳು.

ಚಳಿಗಾಲ ನಮ್ಮಂಥ ಬಡವರ ಕಾಲ. ಬೇಸಿಗೆಯಲ್ಲಿ ಒಂದು ಗೇಣು ಜಾಗಕ್ಕೂ ಕಾಸು ಕೇಳುವ ಕಡೆ ಚಳಿಗಾಲದಲ್ಲಿ ನಾಯಿಯೂ ಇರುವುದಿಲ್ಲ. ಮಲಗಲು ಹಳೇ ಕಾರಿನ ಹಿಂಬದಿ ಸಾಕು. ಚಳಿ ಒಳಗೆ ಬರದಂತೆ ಕಿಟಕಿಗಳ ಅಳತೆಗೆ ಬೆಳ್ಳಿಹಾಳೆಯ ದಪ್ಪ ತಟ್ಟಿ ಕತ್ತರಿಸಿಕೊಂಡೆ. ಹುರುಳಿಕಾಯಿಯ ಒಣಬೀಜವನ್ನು ಬಾಟಲಿಯಲ್ಲಿ ನೆನೆಹಾಕಿ ಪಕ್ಕದ ಸೀಟಿನಲ್ಲಿಟ್ಟರೆ ಸಂಜೆಗೆ ಬೇಯಿಸಲು ಸಿದ್ಧ. ನೀರಿನ ಬಾಟಲಿಗಳನ್ನು ತಲೆಕೆಳಗಾಗಿ ಇಡಬೇಕು, ಆಗ ಮಂಜುಗಡ್ಡೆ ಬಾಟಲಿಯ ತಳದ ಕಡೆ ಕಟ್ಟುತ್ತದೆ, ಬಾಯಿ ತೆರೆಯಲು ಬರುತ್ತದೆ. ಚಳಿಗೆ ಒಲೆ ಹತ್ತದೆ ಹೋಗಬಾರದೆಂದು ಗ್ಯಾಸ್ ಡಬ್ಬಿಯನ್ನು ಪಕ್ಕದಲ್ಲೇ ಮಲಗಿಸಿಕೊಳ್ಳಬೇಕು. ಗಂಡನಿಗಿಂತ ಅದು ವಾಸಿ ಎಂದು ಚಿಕ್ಕಮ್ಮ ಕೊಂಕು ನುಡಿದಳು. ಆಕಾಶದ ಉಪಗ್ರಹಕ್ಕೆ ಕೂಗು ಕಳಿಸುವ ಪುಟ್ಟ ಯಂತ್ರವೊಂದು ಸಿಗುತ್ತದೆ, ಅದನ್ನು ಕೊಳ್ಳುವ ಯೋಗ್ಯತೆ ನನಗಿರಲಿಲ್ಲ.

ಯಂತ್ರವಿಲ್ಲದವರಿಗೆ ನಮ್ಮಲ್ಲಿ ಒಂದೇ ಧರ್ಮ. ಎಲ್ಲಿಗೆ ಹೋಗುತ್ತೇನೆ, ಯಾವಾಗ ಫೋನ್ ಮಾಡುತ್ತೇನೆ ಎಂದು ಒಬ್ಬರಿಗೆ ಹೇಳಿ ಹೋಗಬೇಕು. ಆ ಹೊತ್ತಿಗೆ ಫೋನ್ ಬರದಿದ್ದರೆ ಅವರು ಜಿಲ್ಲೆಯ ಪೊಲೀಸ್ ಅಧಿಕಾರಿ ಶೆರಿಫನ ಕಚೇರಿಗೆ ತಿಳಿಸುತ್ತಾರೆ, ರಕ್ಷಣಾ ತಂಡ ಹೊರಡುತ್ತದೆ. ಇದನ್ನು ಮುರಿದವರನ್ನು ಹೆಣವಾಗಿ ತಂದಾಗಲೂ ಜನ ಬೈಯುತ್ತಾರೆ.

"ಹೇಳಿ ಹೋಗು" ಅಂದಳು ಚಿಕ್ಕಮ್ಮ. "ಹೇಳ್ದೆ ಹೋದ್ರೆ ನಾನೇ ಕಾರಿನ ಚಕ್ರದ ಗಾಳಿ ತೆಗೀತೀನಿ."

"ಹೇಳಿದ್ರೆ ಹುಡುಕೋಕೆ ಬರೋನು ಯಾರು?"

ಅವಳು ಚಹಾದ ಲೋಟವನ್ನು ಕೆಳಗಿಟ್ಟಳು. ಈ ಮಾತು ಅವಳಿಗೆ ಹೊಳೆದಿರಲಿಲ್ಲ. ನನಗೋ, ಬೇರೇನೂ ಹೊಳೆದಿರಲಿಲ್ಲ. ಚಳಿಗೆ ಸತ್ತರೂ ಸರಿ, ಬಂಡೆಯಿಂದ ಬಿದ್ದು ಸತ್ತರೂ ಸರಿ, ಇನ್ನೊಂದು ಸಲ ಅವನ ಕೈಗೆ ಸಿಗಬಾರದು. ಆ ಪ್ರವಾಸದಲ್ಲಿ ನನಗಿದ್ದ ಭಯ ಅದೊಂದೇ.

ಆದ್ದರಿಂದ ನಕ್ಷೆ ಹರಡಿ, ಜಿಲ್ಲೆಯ ಗಡಿಯುದ್ದಕ್ಕೂ ಕೆಂಪು ಪೆನ್ಸಿಲು ಎಳೆದೆ. ಗೆರೆಯ ಈಚೆಗೆ ಅವನ ತಂಡ, ಆಚೆಗೆ ಬೇರೆ ಶೆರಿಫ್, ಬೇರೆ ತಂಡ. ನನಗೆ ಇಷ್ಟವಾದ ಕಮರಿಗಳೆಲ್ಲ ಈಚೆಗೇ ಇದ್ದವು. ಒಂದೊಂದನ್ನೇ ಹೊಡೆದುಹಾಕುವಾಗ ಹೊಟ್ಟೆ ಉರಿಯಿತು. ಕೊನೆಗೆ ಆಚೆ ಜಿಲ್ಲೆಯ ಕುರುಬನ ಕಮರಿ ಉಳಿಯಿತು. ಶನಿವಾರ ಸಂಜೆಯೊಳಗೆ ನನ್ನ ಫೋನ್ ಬರದಿದ್ದರೆ ಚಿಕ್ಕಮ್ಮ ಆಚೆ ಜಿಲ್ಲೆಗೆ ಮಾತ್ರ ತಿಳಿಸಬೇಕು, ನಮ್ಮೂರಿನ ಕಿವಿಗೆ ಬೀಳಬಾರದು. ಇಷ್ಟು ಜಾಣತನ ಮಾಡಿದವಳಿಗೆ ಒಂದು ಸಣ್ಣ ವಿಷಯ ಗೊತ್ತಿರಲಿಲ್ಲ. ಆಚೆಯವರಿಗೆ ಚಳಿಗಾಲದಲ್ಲಿ ಹಗ್ಗದಲ್ಲಿ ಇಳಿಯುವವರೇ ಇರುವುದಿಲ್ಲ, ಅವರು ನಮ್ಮ ಜಿಲ್ಲೆಯಿಂದ ಎರವಲು ತರುತ್ತಾರೆ. ಎಷ್ಟೋ ಸಲ ನಾನೇ ಅವನಿಗೆ ಬುತ್ತಿ ಕಟ್ಟಿಕೊಟ್ಟಿದ್ದೆ. "ಕರೆ ಬಂದಿದೆ" ಅನ್ನುತ್ತಿದ್ದ, ಎಲ್ಲಿಗೆ ಅನ್ನುತ್ತಿರಲಿಲ್ಲ. ಕೇಳಿದರೆ ಕಪಾಳಕ್ಕೆ ಬೀಳುತ್ತಿತ್ತು, ಹಾಗಾಗಿ ಕೇಳುವುದನ್ನು ಬಿಟ್ಟಿದ್ದೆ.

ಪ್ರವಾಸದ ಮೊದಲ ದಿನಗಳನ್ನು ನೆನೆದರೆ ಈಗಲೂ ಬಾಯಲ್ಲಿ ನೀರೂರುತ್ತದೆ. ಹುರುಳಿಬೀಜ, ಟೋರ್ಟಿಯಾ ರೊಟ್ಟಿ, ಮೆಣಸಿನಕಾಯಿ. ಆಮೇಲೆ ನಿದ್ದೆ, ಸತ್ತವರ ಹಾಗೆ ನಿದ್ದೆ. ಕೆಂಪು ಗೋಡೆಯ ಮೇಲೆ ಹಿಮದ ಗೆರೆ ನೋಡುತ್ತಾ ಒಂದು ಬೆಳಿಗ್ಗೆ ಸುಮ್ಮನೆ ಜೋರಾಗಿ ನಕ್ಕೆ. ಯಾಕೆ ನಗುತ್ತೀಯ ಎಂದು ಕೇಳುವವರು ಯಾರೂ ಇರಲಿಲ್ಲ.

ಶುಕ್ರವಾರ ಕುರುಬನ ಕಮರಿಗೆ ಇಳಿದೆ. ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಸಂದು, ಮೇಲೆ ದಾರದಷ್ಟು ಆಕಾಶ. ನಡುವೆ ಒಂದು ಬಂಡೆ ಸಿಕ್ಕಿಕೊಂಡಿತ್ತು, ಅದನ್ನು ದಾಟಿ ಕೆಳಗಿಳಿಯಬೇಕು. ಬಿಸಿಲು ಕಾಣದ ಕಲ್ಲಿನ ಮೇಲೆ ಗಾಜಿನಂಥ ಮಂಜು ಕಟ್ಟಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಕಾಲಿಟ್ಟೆ, ಹೋದೆ. ನೆಲ ತಾಗುವ ಮೊದಲೇ ಎಡಗಾಲು ಬಿರುಕೊಂದರಲ್ಲಿ ಸಿಕ್ಕಿ ಲಟಕ್ಕೆಂದಿತು. ದೇಹ ಮುಂದೆ ಬಿತ್ತು, ಕಾಲು ಹಿಂದೆಯೇ ಉಳಿಯಿತು. ಕಿತ್ತುಕೊಂಡು ಬಿದ್ದದ್ದು ಮಂಜುಗಟ್ಟಿದ ಹೊಂಡಕ್ಕೆ. ಮಂಜು ಒಡೆದು ಸೊಂಟದವರೆಗೂ ನೀರು.

ಮೊಣಕೈ ಊರಿ ಒಣ ಮರಳಿಗೆ ತೆವಳಿದೆ. ಮೀನಖಂಡದ ಕೆಳಗೆ ಎಲುಬು ಚರ್ಮ ಸೀಳಿಕೊಂಡು ಹೊರಗೆ ಬಂದಿತ್ತು, ಬೂಟಿನ ಮುಂಭಾಗ ಹಿಮ್ಮಡಿಯ ದಿಕ್ಕಿಗೆ ತಿರುಗಿತ್ತು. ಬಿಚ್ಚಲು ನೋಡಿದೆ, ಕಣ್ಣು ಕತ್ತಲೆ ಬಂತು. ಇದ್ದ ಬಟ್ಟೆಯನ್ನೆಲ್ಲ ಹೊದ್ದು, ತೊಡೆಗೆ ಬೆಲ್ಟ್ ಬಿಗಿದು ಕೂತೆ. ಒದ್ದೆ ಬೂಟು ಸಂಜೆಗೆ ಕಲ್ಲಾಯಿತು. ಆಮೇಲೆ ಪಾದದಲ್ಲಿ ನೋವು ನಿಂತುಹೋಯಿತು, ಅದು ಒಳ್ಳೆಯದಲ್ಲ ಎಂದು ನನಗೆ ಗೊತ್ತಿತ್ತು. ಚಿಕ್ಕಮ್ಮ ಫೋನ್ ಮಾಡುತ್ತಾಳೆ, ಆಚೆ ಜಿಲ್ಲೆಯವರು ಬರುತ್ತಾರೆ ಎಂದು ಹೇಳಿಕೊಂಡು ಹಲ್ಲು ಕಡಿದು ಕಾದೆ.

ಭಾನುವಾರ ಮಧ್ಯಾಹ್ನ ಮೇಲಿನಿಂದ ಮಣ್ಣು ಉದುರಿತು. ಜನರ ಸದ್ದು. ಅತ್ತುಬಿಟ್ಟೆ. ಹಗ್ಗ ಬಂತು, ಹಗ್ಗದಲ್ಲಿ ಎರಡು ಕಾಲು ಬಂದವು. ಆ ಬೂಟುಗಳನ್ನು ನೋಡಿದ್ದೇ ನನ್ನ ಅಳು ನಿಂತಿತು. ಅವು ನನ್ನ ಹೊಟ್ಟೆಗೆ ಒದ್ದ ಬೂಟುಗಳು.

"ನನ್ನ ಹೆಂಡ್ತಿ ಕಣ್ರಪ್ಪಾ, ನಾನೇ ಇಳೀತೀನಿ" ಎಂದು ಮೇಲೆ ಎಲ್ಲರೆದುರು ಕಣ್ಣೀರು ಹಾಕಿದ್ದನಂತೆ. ಕಣ್ಣೀರು ನೋಡಿ ಅವರೂ ಕರಗಿದ್ದರಂತೆ.

ಥೇನ್ ನನ್ನ ಪಕ್ಕ ಮಂಡಿಯೂರಿ, ಎದೆಯ ಮೇಲಿದ್ದ ವಾಕಿಟಾಕಿಯ ಗುಂಡಿ ಒತ್ತಿ, "ಸಿಕ್ಕಿದಾಳೆ, ಜೀವ ಇದೆ, ಕಾಲು ಮುರಿದಿದೆ" ಅಂದ. ಮೇಲೆ ಜನ ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಗುಂಡಿ ಬಿಟ್ಟ.

"ನಾನು ಏನ್ ಹೇಳಿದ್ದೆ?" ಪಿಸುದನಿಯಲ್ಲಿ ಕೇಳಿದ. "ನಾನಿಲ್ದೆ ಒಂದು ಹೆಜ್ಜೆ ಇಡೋಕಾಗತ್ತಾ ನಿಂಗೆ?"

"ಮುಟ್ಟಬೇಡ."

"ಕೋರ್ಟಲ್ಲಿ ಹೇಳ್ತೀಯಾ. ಸುಳ್ಳು ಹೇಳ್ದೆ, ತಪ್ಪಾಯ್ತು ಅಂತೀಯಾ. ಮನೆಗೆ ಬರ್ತೀಯಾ." ಹೇಳುತ್ತಾ ಹೇಳುತ್ತಾ ಎಲುಬು ಹೊರಬಂದ ಜಾಗಕ್ಕೆ ಅಂಗೈ ಇಟ್ಟು ಒತ್ತಿದ.

ನಾನು ಕಿರುಚಿದ ಸದ್ದಿಗೆ ಗೋಡೆಗಳೇ ಕಿರುಚಿದವು. ಮೇಲಿನಿಂದ ಯಾರೋ, "ಮೆಲ್ಲಗೆ ಕಟ್ಟಪ್ಪಾ, ಪಾಪ" ಅಂದರು. ಕಾಲು ಮುರಿದವಳು ಕಿರುಚಿದರೆ ಯಾರಿಗೆ ಅನುಮಾನ ಬರುತ್ತದೆ? ಅದು ಅವನಿಗೂ ಗೊತ್ತಿತ್ತು. ಮತ್ತೆ ಒತ್ತಿದ, ಈ ಸಲ ತಿರುಚಿದ.

"ಹೇಳ್ತೀಯಾ?"

ಕೈಗೆ ಸಿಕ್ಕಿದ ಕಲ್ಲಿನಿಂದ ಮುಖಕ್ಕೆ ಹೊಡೆದೆ. ಹೆಲ್ಮೆಟ್ಟಿನ ಕೆಳಗೆ ಮೂಗು ಜಜ್ಜಿಹೋಯಿತು, ರಕ್ತ ನನ್ನ ಬಾಯಿಗೇ ಸಿಡಿಯಿತು. ಅವನು ಕೂದಲು ಹಿಡಿದು ನನ್ನ ತಲೆಯನ್ನು ಗೋಡೆಗೆ ಅಪ್ಪಳಿಸಿ, ಇನ್ನೊಂದು ಕೈಯಿಂದ ಬಾಯಿ ಮುಚ್ಚಿದ. ಆ ಕೈಯ ಬೆರಳಿಗೆ ಹಲ್ಲು ಹಾಕಿದೆ. ಎಲುಬು ಸಿಗುವ ತನಕ ಕಚ್ಚಿದೆ, ಸಿಕ್ಕ ಮೇಲೂ ಬಿಡಲಿಲ್ಲ. ಅವನೇ ಕೂಗಿಕೊಂಡು ಕೈ ಕಿತ್ತುಕೊಂಡ. ಬಾಯಿ ಬಿಡುವಾದ ತಕ್ಷಣ ಇದ್ದ ಉಸಿರನ್ನೆಲ್ಲ ಕೂಡಿಸಿ ಮೇಲಕ್ಕೆ ಅರಚಿದೆ.

"ಇವನನ್ನ ಮೇಲಕ್ಕೆ ಎಳ್ಕೊಳ್ಳಿ. ಇವನ ಕೈಲಿ ನಾನು ಬರಲ್ಲ."

ಥೇನ್ ಗುಂಡಿ ಒತ್ತಿ, ಮೂಗಿನ ರಕ್ತ ಒರೆಸಿಕೊಳ್ಳುತ್ತಾ, "ಚಳಿಗೆ ತಲೆ ಕೆಟ್ಟಿದೆ ಇವಳಿಗೆ, ಏನೇನೋ ಬಡಬಡಿಸ್ತಿದಾಳೆ. ಹೊಡೀತಿದಾಳೆ. ಕಟ್ಟಿ ಕಳಿಸ್ತೀನಿ, ಎಳೀರಿ" ಅಂದ. ಚಳಿ ತಲೆಗೇರಿದವರು ನಿಜಕ್ಕೂ ಬಡಬಡಿಸುತ್ತಾರೆ, ಅಂಥವರನ್ನು ಕಟ್ಟಿಯೇ ಎಳೆಯುತ್ತಾರೆ. ಅವನು ಆಗಲೇ ನನ್ನ ಸೊಂಟಕ್ಕೆ ಪಟ್ಟಿ ಸುತ್ತತೊಡಗಿದ್ದ. ನನ್ನ ಕಥೆ ಮುಗಿಯಿತು ಅನ್ನಿಸಿತು.

ಆಗ ಮೇಲಿನಿಂದ ಒಂದು ಹೆಣ್ಣು ದನಿ ಬಂತು. ವಾಕಿಟಾಕಿಯಲ್ಲಲ್ಲ, ನೇರವಾಗಿ, ಕಮರಿಯ ಅಂಚಿನಿಂದ. ಆಚೆ ಜಿಲ್ಲೆಯ ಉಪ ಶೆರಿಫ್, ರೋಂಡಾ ಟ್ಸೋಸಿ ಎಂಬ ನವಾಹೋ ಬುಡಕಟ್ಟಿನ ಹೆಂಗಸು.

"ಥೇನ್, ಕೈ ತೆಗಿ. ಒಂದು ನಿಮಿಷ ಸುಮ್ನಿರು. ತಂಗೀ, ನಿನ್ನ ಹೆಸರೇನು?"

ಚಳಿ ತಲೆಗೇರಿದೆಯೋ ಇಲ್ಲವೋ ಎಂದು ತಿಳಿಯಲು ಅವರು ಕೇಳುವ ಪ್ರಶ್ನೆಗಳವು. ತಪ್ಪಿದರೆ ನಾನು ಅವನ ಸೊತ್ತು. ನಡುಗುವ ದವಡೆಯನ್ನು ಕೈಯಲ್ಲಿ ಹಿಡಿದುಕೊಂಡು ಉತ್ತರಿಸಿದೆ.

"ನೆಡ್ರಾ."

"ಎಲ್ಲಿದೀಯಾ?"

"ಕುರುಬನ ಕಮರಿ. ನಿಮ್ಮ ಜಿಲ್ಲೇಲಿ."

"ಇವತ್ತು ಯಾವ ವಾರ?"

"ಭಾನುವಾರ. ಮಧ್ಯಾಹ್ನ ಕಳೆದಿದೆ."

"ನಿನ್ನ ಹತ್ರ ಇರೋರು ಯಾರು?"

"ನನ್ನ ಕೈ ಮುರಿದೋನು. ಈಗ ಕಾಲು ತಿರುಚ್ತಿದಾನೆ. ಹತ್ರ ಬರಬಾರದು ಅಂತ ಕೋರ್ಟು ಹೇಳಿದೆ, ಕೇಳಿ ನೋಡಿ."

ಥೇನ್ ನನ್ನನ್ನು ನೋಡಿದ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನ ಕಣ್ಣಲ್ಲಿ ಹೆದರಿಕೆ ಕಂಡೆ, ಕಂಡು ಸಂತೋಷಪಟ್ಟೆ.

"ತಂಗೀ, ಸರಿಯಾಗಿ ಕೇಳಿಸ್ಕೋ" ಅಂದಳು ರೋಂಡಾ. "ಗಾಳಿಗೆ ಹೆಲಿಕಾಪ್ಟರ್ ಬರಲ್ಲ. ಹಗ್ಗದಲ್ಲಿ ಇಳಿಯೋ ಬೇರೆಯವರು ಬರೋಕೆ ಬೆಳಗಾಗತ್ತೆ. ಅಷ್ಟೊತ್ತಿಗೆ ನಿನ್ನ ಪಾದ ಉಳಿಯಲ್ಲ. ನೀನೇ ಉಳೀತೀಯೋ ಇಲ್ವೋ, ಅದನ್ನೂ ನಾನು ಹೇಳಲಾರೆ. ಇವನ ಜೊತೆ ಈಗಲೇ ಬರ್ತೀಯಾ?"

"ಇಲ್ಲ."

"ಇನ್ನೊಂದು ಸಲ ಹೇಳು."

"ಬರಲ್ಲ ಅಕ್ಕ. ಪಾದ ಹೋಗ್ಲಿ."

"ಥೇನ್," ಅಂದಳು ಅವಳು, ದನಿ ಏರಿಸದೆ, "ಹಗ್ಗ ಹತ್ತು."

ಅವನು ಹತ್ತಿದ. ಅವನ ಬೂಟುಗಳು ಆಕಾಶದ ದಾರದಲ್ಲಿ ಸಣ್ಣದಾಗುವ ತನಕ ಕಲ್ಲನ್ನು ಕೈಯಿಂದ ಬಿಡಲಿಲ್ಲ. ಆಮೇಲೆ ಮೇಲಿನಿಂದ ಕಂಬಳಿ, ಮಲಗುವ ಚೀಲ, ಬಿಸಿನೀರಿನ ಬಾಟಲಿ ಇಳಿದು ಬಂದವು. ರೋಂಡಾ ರಾತ್ರಿಯಿಡೀ ಅಂಚಿನಲ್ಲಿ ಕೂತು, ನಾನು ನಿದ್ದೆಗೆ ಜಾರಿದಾಗಲೆಲ್ಲ ಹೆಸರು ಹಿಡಿದು ಕೂಗಿದಳು. ಬೆಳಿಗ್ಗೆ ದೂರದ ಪಟ್ಟಣದಿಂದ ಬಂದ ಇಬ್ಬರು ನನ್ನನ್ನು ಮೇಲೆತ್ತಿದರು. ಪಾದ ಕಪ್ಪಾಗಿತ್ತು. ಆಸ್ಪತ್ರೆಯಲ್ಲಿ ಮೀನಖಂಡದ ಮೇಲಿಂದಲೇ ಕತ್ತರಿಸಿದರು.

ನಾನು ಗಾಲಿಕುರ್ಚಿಯಲ್ಲಿ ಕೂರುವಂತಾದ ಮೇಲೆ ವಿಚಾರಣೆ ನಡೆಯಿತು. ರೋಂಡಾ ಸಾಕ್ಷಿ ಹೇಳಲು ಬಂದಳು. ಹಗ್ಗಕ್ಕಾಗಿ ಗೋಗರೆದವರನ್ನು ನೋಡಿದ್ದೇನೆ, ಪ್ರಾರ್ಥನೆ ಮಾಡಿದವರನ್ನು ನೋಡಿದ್ದೇನೆ, ಇಳಿದು ಬಂದ ಹಗ್ಗವನ್ನು ಬೇಡ ಅಂದವರನ್ನು ಇವಳೊಬ್ಬಳನ್ನೇ ನೋಡಿದ್ದು ಎಂದಳು. ನ್ಯಾಯಾಧೀಶರು ತಲೆಯೆತ್ತದೆ ಕಾಯಂ ಆದೇಶಕ್ಕೆ ಸಹಿ ಹಾಕಿದರು. ಥೇನನ ಮೇಲೆ ಬೇರೆ ಮೊಕದ್ದಮೆಯೂ ಹೂಡಲಾಯಿತು. ಚರ್ಚಿನ ಹೆಂಗಸರು ಬೇಯಿಸಿದ ಆಲೂಗಡ್ಡೆಯ ತಟ್ಟೆಗಳನ್ನು ಹಿಡಿದು ಚಿಕ್ಕಮ್ಮನ ಅಂಗಡಿಗೆ ಸಾಲುಗಟ್ಟಿದರು. ನಮಗೆ ಗೊತ್ತೇ ಇರಲಿಲ್ಲ ಎಂದು ಅತ್ತರು. ನನಗೆ ಅವರ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಕೋರ್ಟಿನಿಂದ ಹೊರಗೆ ಬಂದು ನನ್ನನ್ನು ಕಾರಿಗೆ ಹತ್ತಿಸುವಾಗ ಚಿಕ್ಕಮ್ಮ ಖಾಲಿ ಪ್ಯಾಂಟಿನ ತುದಿಯನ್ನು ಮಡಚಿ ಪಿನ್ನು ಹಾಕಿದಳು. ಅಷ್ಟು ದಿನ ತಡೆದುಕೊಂಡಿದ್ದವಳು ಅಲ್ಲೇ ನೆಲದಲ್ಲಿ ಕೂತು ಅತ್ತುಬಿಟ್ಟಳು.

"ಅವತ್ತೇ ಅವನ ಜೊತೆ ಮೇಲೆ ಬಂದಿದ್ರೆ ಕಾಲು ಉಳೀತಿತ್ತಲ್ಲೇ ಮಗಳೇ."

"ಉಳೀತಿತ್ತು ಚಿಕ್ಕಮ್ಮ," ಅಂದೆ. "ಅವನ ಮನೇಲಿ ಓಡಾಡ್ಕೊಂಡಿರ್ತಿತ್ತು."