ಗುಂಡುಸೂಜಿಯ ಮನೆಯ ಸದ್ದುಗಳು

ಎರಡನೆಯ ಏಟು ಮೊಣಕೈಯ ಕೆಳಗೆ ಬಿತ್ತು. ಮಕ್ಕಳು ಬಾರಿಸುವುದನ್ನು ನಿಲ್ಲಿಸಲಿಲ್ಲ.

ಮೊದಲನೆಯದು ಕಿವಿಗೆ ಬಿದ್ದಿತ್ತು. ಬಲಗಿವಿಯೊಳಗೆ ಯಾರೋ ಸಣ್ಣಗೆ ಸೀಟಿ ಊದುತ್ತಿದ್ದರು. ಚಾರ್ಟಕ್ಕ ಬಲಗೈಯನ್ನು ತಲೆಯ ಮೇಲೆ ಅಡ್ಡ ಹಿಡಿದಳು, ಹಿಡಿದದ್ದೇ ತಪ್ಪಾಯಿತು. ಆ ಕೈ ಮೇಲಿರುವ ತನಕ ಏನೇ ಆಗಲಿ, ಛಾವಣಿಯೇ ಕಳಚಿ ಬೀಳಲಿ, ಬಾರಿಸುತ್ತಿರಬೇಕು, ಕೈ ಇಳಿದ ಮೇಲಷ್ಟೇ ನಿಲ್ಲಿಸಬೇಕು ಎಂದು ಮೂರು ವಾರದಿಂದ ಇಪ್ಪತ್ತೆರಡು ಮಕ್ಕಳಿಗೆ ತಿದ್ದಿ ತೀಡಿ ಕಲಿಸಿದವಳು ಅವಳೇ. ಯಾರಾದರೂ ತಪ್ಪಿದರೆ, ಯಾರ ಡಬ್ಬಿಯಾದರೂ ಉರುಳಿದರೆ, ಮಧ್ಯದಲ್ಲಿ ಯಾರಿಗಾದರೂ ಉಚ್ಚೆ ಬಂದರೆ ಕೂಡ ನನ್ನ ಕೈ ನೋಡಿ, ಬೇರೇನನ್ನೂ ನೋಡಬೇಡಿ ಅಂದಿದ್ದಳು. ಮಕ್ಕಳು ಈಗ ಅವಳ ಕೈಯನ್ನೇ ನೋಡುತ್ತಿದ್ದರು. ಅದರ ಮೇಲೆ ಲಟ್ಟಣಿಗೆ ಎದ್ದು ಬೀಳುತ್ತಿತ್ತು. ಕೈ ಇಳಿದಿರಲಿಲ್ಲ. ಬಾರಿಸಿದರು.

ಲಟ್ಟಣಿಗೆ ಹಿಡಿದವನು ಎಲೆಕ್ಟ್ರಿಷಿಯನ್, ಎಲ್ಲರೂ ಗುಂಡುಸೂಜಿ ಎಂದು ಕರೆಯುವ ಹುಡುಗಿಯ ಅಪ್ಪ.

ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಈ ಜಾಗ ಹಿಂದೆ ಬಟ್ಟೆ ಅಂಗಡಿಯಾಗಿತ್ತು. ಅಂಗಡಿ ಹೋಯಿತು, ಗೋಡೆಯ ಉದ್ದಕ್ಕೂ ಕನ್ನಡಿಗಳು ಉಳಿದವು. ಹಾಗಾಗಿ ಇಲ್ಲಿ ಒಂದು ಜಗಳ ಎಂದರೆ ಕಣ್ಣಿಗೆ ಎರಡು ಜಗಳ. ಚಾರ್ಟಕ್ಕ ಕೆಲಸಕ್ಕೆ ಸೇರಿದ ಮೊದಲ ದಿನವೇ ಎರಡನೇ ಕ್ಲಾಸಿನವನೊಬ್ಬ ಇನ್ನೊಬ್ಬನ ಕಿವಿ ಕಚ್ಚಿ, ಬಾಯಲ್ಲಿ ರಕ್ತ ಇಟ್ಟುಕೊಂಡು ಕನ್ನಡಿಯಲ್ಲಿ ತನ್ನ ಹಲ್ಲು ನೋಡಿಕೊಳ್ಳುತ್ತಾ ನಿಂತಿದ್ದ. ಎರಡನೆಯ ದಿನ ಕೈವಾರದ ಮೊನೆ ಒಬ್ಬಳ ತೊಡೆಗೆ ಇಳಿಯಿತು. ಇಡೀ ಹಗಲು ಬೆಂಚಿನ ಮೇಲೆ ಕೈ ಕಟ್ಟಿ ಕೂತ ಮಕ್ಕಳು ಮೂರೂವರೆಗೆ ಬಾಗಿಲು ದಾಟುವಾಗ ಒಂದೊಂದೂ ಬಿಗಿಹಿಡಿದ ಮುಷ್ಟಿಯೇ. ಈ ಜಾಗ ನಡೆಸುವ ಹೆಂಗಸನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು, ಅವಳಿಗಿಂತ ಹಿರಿಯರೂ ಸಹ. ದೊಡ್ಡಮ್ಮನ ಬೇಡಿಕೆಗಳು ಎರಡೇ: ಆರೂವರೆಯ ತನಕ ಯಾರೂ ಯಾರನ್ನೂ ಕೊಲ್ಲಬಾರದು, ಅದರ ಜೊತೆಗೆ ತಂದೆತಾಯಿಯರಿಗೆ ತೋರಿಸಲು ಏನಾದರೂ ಇರಬೇಕು. ಚಾರ್ಟಕ್ಕನಿಗೆ ಮೂರು ತಿಂಗಳ ಪರೀಕ್ಷಾವಧಿ. ಕೊನೆಯಲ್ಲಿ ಪ್ರದರ್ಶನ. ಅದು ಚೆನ್ನಾಗಿ ಬಂದರೆ ಕೆಲಸ ಖಾಯಂ.

ಚಾರ್ಟಕ್ಕ ಗೋಡೆಗೆ ದೊಡ್ಡ ಚಾರ್ಟ್ ಹಾಳೆ ಅಂಟಿಸಿ ವಾರದ ಯೋಜನೆ ಬರೆದಳು. ಅವಳಿಗೆ ಆ ಹೆಸರು ಬಂದದ್ದು ಹಾಗೆ. ಸೋಮವಾರದ ಜೇಡಿಮಣ್ಣು ಉಂಡೆಯಾಗಿ ಒಬ್ಬನ ಕಣ್ಣಿಗೆ ಬಿತ್ತು. ಮಂಗಳವಾರ ಕುಂಡದಲ್ಲಿ ಗಿಡ ನೆಟ್ಟರು, ಬುಧವಾರ ಅವುಗಳ ಕತ್ತು ಮುರಿದರು. ಗುರುವಾರ ಕತ್ತರಿ ಕೊಡಬೇಕಾಗಿತ್ತು. ಅವಳಿಗೆ ಧೈರ್ಯ ಸಾಲಲಿಲ್ಲ. ಹೊಡೆಯುವುದೇ ಇವರಿಗೆ ಬೇಕಾದರೆ ಹೊಡೆಯಲಿ, ಆದರೆ ಎಣಿಕೆಗೆ ಸರಿಯಾಗಿ ಹೊಡೆಯಲಿ ಎಂಬ ಯೋಚನೆ ಬಂದದ್ದು ಆಗ. ಸಂಜೆ ಹತ್ತು ನಿಮಿಷ ಕಣ್ಣು ಮುಚ್ಚಿ ಕೂತು ನಿಮ್ಮ ಮನೆಯ ಸದ್ದುಗಳನ್ನು ಕೇಳಿ, ನಾಳೆ ಅವುಗಳನ್ನೇ ಇಲ್ಲಿ ಬಾರಿಸಿ ತೋರಿಸಿ ಎಂದು ಮಕ್ಕಳಿಗೆ ಕೆಲಸ ಕೊಟ್ಟಳು.

ತಂದರು. ಮಿಕ್ಸಿ, ನಲ್ಲಿ, ಟೀವಿ. ಕಿವಿ ಕಚ್ಚಿದವನು ತನ್ನ ತಾತ ಬಾಯಿ ಮುಕ್ಕಳಿಸುವುದನ್ನು ಎಷ್ಟು ಚೆನ್ನಾಗಿ ಮಾಡಿದನೆಂದರೆ ಅಲ್ಲಿನ ಅಡುಗೆಯವಳು ನಗುತ್ತಾ ಪಾತ್ರೆ ಕೆಳಗೆ ಹಾಕಿದಳು.

ಗುಂಡುಸೂಜಿ ಕೊನೆಯಲ್ಲಿ ಬಂದಳು. ಏಳು ವರ್ಷ, ಕಡ್ಡಿಯಂಥ ಮೈ, ಅದರ ಮೇಲೆ ದುಂಡು ತಲೆ. ಅವಳು ಸದ್ದು ತಂದಿರಲಿಲ್ಲ, ಸದ್ದುಗಳ ಸಾಲು ತಂದಿದ್ದಳು. ಡಬ್ಬಿಯ ಮೇಲೆ ಒಮ್ಮೆ: ಚಿಲಕ. ಕೀಗೊಂಚಲು ಮೇಜಿಗೆ ಬಿದ್ದದ್ದು. ಬೂಟು ಒಂದು, ಬೂಟು ಎರಡು. ಕುರ್ಚಿ ಎಳೆದದ್ದು. ಆಮೇಲೆ ನಾಲ್ಕು ಎಣಿಸುವಷ್ಟು ಏನೂ ಇಲ್ಲ. ಒಂದು ತಟ್ಟೆ. ಲಟ್ಟಣಿಗೆಯಿಂದ ಕುಶನ್ನಿನ ಮೇಲೆ ಮೂರು, ದಪ್ಪಗೆ. ಕೊನೆಗೆ ಬಾಯಿ ಮುಚ್ಚಿ ಮೂಗಿನಲ್ಲಿ ಉದ್ದಕ್ಕೆ ಒಂದು ಗುಂಯ್.

ಮೊದಲ ಬಾರಿಗೆ ಎಲ್ಲ ಮಕ್ಕಳೂ ಒಂದೇ ಕಡೆ ನೋಡುತ್ತಿದ್ದರು. ಕುಶನ್ ಯಾವುದರ ಸದ್ದು ಎಂದು ಚಾರ್ಟಕ್ಕ ಕೇಳಿದಳು. ದಿಂಬು ಎಂದಳು ಹುಡುಗಿ. ಅಮ್ಮ ದಿಂಬಿನ ಧೂಳು ಹೊಡೆಯುತ್ತಾಳೆ ಎಂದುಕೊಂಡಳು ಚಾರ್ಟಕ್ಕ. ಮೂಗಿನ ಸದ್ದು ಯಾರದು, ಜೇನುಹುಳುವಿನದಾ? ಅಮ್ಮನದು. ಅಡುಗೆ ಮಾಡುತ್ತಾ ಹಾಡು ಗುನುಗುವ ಅಮ್ಮ; ಇನ್ನೂ ಚೆನ್ನಾಯಿತು.

"ಮಧ್ಯ ಏನೂ ಸದ್ದೇ ಇಲ್ವಾ?"

"ನಾವು ಉಸಿರು ಹಿಡ್ಕೊಂಡಿರ್ತೀವಿ."

"ಅಪ್ಪನ ಜೊತೆ ಕಣ್ಣಾಮುಚ್ಚಾಲೆ ಆಡ್ತೀರಾ?"

ಹುಡುಗಿ ಸ್ವಲ್ಪ ಯೋಚಿಸಿ ಹೌದೆಂದು ತಲೆ ಆಡಿಸಿದಳು.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ನಿಲ್ಲುತ್ತಿದ್ದರೇನೋ. ಆದರೆ ವಾರಗಟ್ಟಲೆ ಹಾಳೆಗಳ ಮೇಲೆ ಚಟುವಟಿಕೆ ಬರೆದು, ಒಂದೊಂದೂ ನೆಲಕಚ್ಚುವುದನ್ನು ನೋಡಿದವಳಿಗೆ ಹಿಡಿಸಿದ್ದು ಆ ತಾಳ. ಇಡೀ ಗುಂಪಿಗೆ ಅದನ್ನು ಹಂಚಿದಳು. ಆರು ಜನ ಬೂಟು, ಐದು ಜನ ತಟ್ಟೆ, ಕೀಗೊಂಚಲಿಗೆ ಕಿವಿ ಕಚ್ಚಿದವನು, ಲಟ್ಟಣಿಗೆ ಗುಂಡುಸೂಜಿಗೇ. ಮೂರು ಸುತ್ತು, ಒಂದಕ್ಕಿಂತ ಒಂದು ಜೋರು. ಮಕ್ಕಳು ಬೆವರು ಇಳಿಯುವ ತನಕ ಬಡಿದರು, ಒಬ್ಬರನ್ನೊಬ್ಬರು ಹೊಡೆಯುವುದನ್ನು ಮರೆತರು. ಗುಂಡುಸೂಜಿ ಉಳಿದವರನ್ನು ತಿದ್ದುತ್ತಿದ್ದಳು: ಬೂಟು ಅಷ್ಟು ಬೇಗ ಬರಬಾರದು, ಕುರ್ಚಿ ಆದ ಮೇಲೆ ನಗಬಾರದು. ಪ್ರದರ್ಶನದ ಹಾಳೆಯಲ್ಲಿ ಚಾರ್ಟಕ್ಕ ಬಣ್ಣದ ಅಕ್ಷರದಲ್ಲಿ ಬರೆದಳು: 'ಅಪ್ಪ ಮನೆಗೆ ಬಂದಾಗ.' ರಚನೆ, ಗುಂಡುಸೂಜಿ.

ಶುಕ್ರವಾರ ಐದು ಗಂಟೆಗೆ ಹಾಲ್ ತುಂಬಿತು. ಎಲೆಕ್ಟ್ರಿಷಿಯನ್ ಮೊದಲನೇ ಸಾಲಿನಲ್ಲಿ ಫೋನ್ ಎತ್ತಿ ಹಿಡಿದು ಕೂತಿದ್ದ. ಈ ಹಾಲಿನ ದೀಪಗಳನ್ನೆಲ್ಲ ಬಿಟ್ಟಿಯಾಗಿ ಹಾಕಿಕೊಟ್ಟವನು, ಎದುರು ಸಿಕ್ಕರೆ ಮೊದಲು ನಗುವವನು. ಮಗಳ ಹೆಸರಿನ ಹಾಳೆಯನ್ನು ಪಕ್ಕದಲ್ಲಿ ಕೂತಿದ್ದ ಬಸ್ ಡ್ರೈವರನಿಗೂ ತೋರಿಸಿದ್ದ. ಹೆಂಡತಿ ಅವನ ಹಿಂದಿನ ಸಾಲಿನಲ್ಲಿ.

ಮೊದಲ ಸುತ್ತಿನಲ್ಲಿ ಅವನು ನಗುತ್ತಲೇ ಇದ್ದ. ಚಿಲಕ, ಕೀ, ಬೂಟು, ಬೂಟು, ಕುರ್ಚಿ. ಎರಡನೆಯ ಸುತ್ತು. ಚಿಲಕ, ಕೀ, ಬೂಟು, ಬೂಟು, ಕುರ್ಚಿ, ಮತ್ತೆ ಮೌನ. ಚಾರ್ಟಕ್ಕ ಮಕ್ಕಳ ಕಡೆ ಮುಖ ಮಾಡಿ ನಿಂತಿದ್ದಳು, ಎದುರಿನ ಕನ್ನಡಿಯಲ್ಲಿ ಸಭೆ ಕಾಣುತ್ತಿತ್ತು. ಒಂದು, ಎರಡು, ಮೂರು. ನಾಲ್ಕಕ್ಕೆ, ತಟ್ಟೆಯ ಸದ್ದಿಗೂ ಮೊದಲು, ಎರಡನೇ ಸಾಲಿನಲ್ಲಿ ಕೂತ ಗುಂಡುಸೂಜಿಯ ತಾಯಿ ಎರಡೂ ತೋಳೆತ್ತಿ ಮುಖ ಮುಚ್ಚಿಕೊಂಡು ಕುರ್ಚಿಯಲ್ಲಿ ಮುದುಡಿದಳು.

ಅವಳ ಅಕ್ಕಪಕ್ಕದವರು ನೋಡಿದರು. ಬಸ್ ಡ್ರೈವರ್ ತಿರುಗಿ ನೋಡಿದ, ಆಮೇಲೆ ಎಲೆಕ್ಟ್ರಿಷಿಯನ್ ಮುಖ ನೋಡಿದ. ತಾನು ಅಂದುಕೊಂಡದ್ದೆಲ್ಲ ಚಾರ್ಟಕ್ಕನಿಗೆ ಒಂದೊಂದಾಗಿ ನೆನಪಿಗೆ ಬಂತು. ದಿಂಬು, ಜೇನುಹುಳು, ಕಣ್ಣಾಮುಚ್ಚಾಲೆ. ಕೈ ಇಳಿಸಬೇಕಿತ್ತು. ಇಳಿಸಲು ತೋಚಲಿಲ್ಲ.

ಅವನು ಫೋನ್ ಜೇಬಿಗೆ ಹಾಕಿ, ಅವಸರವಿಲ್ಲದೆ ಎದ್ದು ಬಂದ. ಮಗಳ ಕೆನ್ನೆ ತಟ್ಟಿ ಕೈಯಿಂದ ಲಟ್ಟಣಿಗೆ ತೆಗೆದುಕೊಂಡ.

"ಚೆನ್ನಾಗಿ ಕಲಿಸಿದ್ದೀರ," ಎಂದ.

ಕಿವಿಗೆ ಒಂದು. ಮೊಣಕೈ ಕೆಳಗೆ ಒಂದು. ಲಟ್ಟಣಿಗೆ ಇಲ್ಲದ ಗುಂಡುಸೂಜಿ ಬರಿಗೈಯಲ್ಲೇ ಕುಶನ್ ಹೊಡೆದಳು, ಬಾಯಿ ಮುಚ್ಚಿ ಇಪ್ಪತ್ತೆರಡು ಮಕ್ಕಳೂ ಗುಂಯ್ ಎಂದರು, ಮೂರನೆಯ ಸುತ್ತಿನ ಚಿಲಕ ಬಿತ್ತು. ಬೂಟಿನ ಹೊತ್ತಿಗೆ ಚಾರ್ಟಕ್ಕ ಮೊಣಕಾಲೂರಿದ್ದಳು, ಕೈ ತಲೆಯ ಮೇಲೇ ಇತ್ತು. ಭುಜಕ್ಕೆ, ಬೆನ್ನಿಗೆ, ಮತ್ತೆ ಭುಜಕ್ಕೆ. ಮಕ್ಕಳ ಗದ್ದಲದಲ್ಲಿ ಅವನ ಏಟುಗಳೂ ತಾಳದೊಳಗೆ ಸೇರಿಹೋದವು. ಹಿಂದಿನ ಸಾಲಿನವರು ಇದೂ ಆಟದ ಭಾಗವೇನೋ ಎಂದುಕೊಂಡು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಕುರ್ಚಿ ಎಳೆದರು. ಮೌನ ಬಂತು.

ಒಂದು. ಎರಡು. ಆ ಮೌನದಲ್ಲಿ ಬಿದ್ದ ಏಟು ಎಲ್ಲರಿಗೂ ಕೇಳಿಸಿತು. ಅದರ ಬೆನ್ನಿಗೇ ಹಸಿ ಕೊಂಬೆ ಮುರಿದಂಥ ಸದ್ದು. ಅದೂ ಎಲ್ಲರಿಗೂ ಕೇಳಿಸಿತು.

ಕೈ ತಾನಾಗಿ ಇಳಿಯಿತು. ಮಕ್ಕಳು ನಿಲ್ಲಿಸಿದರು. ಕಲಿಸಿದ್ದ ಹಾಗೆ ಸಾಲಾಗಿ ಎದ್ದು ಸೊಂಟ ಬಾಗಿಸಿದರು. ಹಿಂದೆ ಕಿವಿ ಮಂದವಾದ ತಾತನೊಬ್ಬ ಚಪ್ಪಾಳೆ ಹೊಡೆದ.

ಆಮೇಲೆ ಬಸ್ ಡ್ರೈವರ್ ಎದ್ದ. ಹಿಂದೆಯೇ ಇನ್ನೂ ನಾಲ್ಕೈದು ಅಪ್ಪಂದಿರು. ಎಲೆಕ್ಟ್ರಿಷಿಯನ್ನನ್ನು ಕೊರಳಪಟ್ಟಿ ಹಿಡಿದು ಎಳೆದು ಕನ್ನಡಿಗೆ ಗುದ್ದಿಸಿದರು. ಕನ್ನಡಿ ಜೇಡರಬಲೆಯ ಹಾಗೆ ಒಡೆದು, ಅವನ ಹಣೆಯಿಂದ ರಕ್ತ ಹುಬ್ಬಿನ ಮೇಲೆ ಇಳಿಯಿತು. ಬಿದ್ದವನ ಪಕ್ಕೆಗೆ ಒದ್ದರು. ಬಿಡಿಸುವ ನೆಪದಲ್ಲಿ ಒಬ್ಬ ಬಂದು ಅವನೂ ಒದ್ದ. ನೆಲದಲ್ಲಿ ಕೆನ್ನೆಯೂರಿ ಬಿದ್ದಿದ್ದ ಚಾರ್ಟಕ್ಕನಿಗೆ ಬೂಟುಗಳಷ್ಟೇ ಕಾಣುತ್ತಿದ್ದವು, ಅವುಗಳಿಗೆ ಎಣಿಕೆಯಿರಲಿಲ್ಲ. ಹೆಂಗಸರು ಮಕ್ಕಳ ಕಣ್ಣು ಮುಚ್ಚಲು ಓಡಿದರು. ಕಿವಿ ಕಚ್ಚಿದವನು ತನ್ನಮ್ಮನ ಬೆರಳ ಸಂದಿಯಿಂದ ರೆಪ್ಪೆ ಬಡಿಯದೆ ನೋಡುತ್ತಿದ್ದ. ಬಸ್ ಡ್ರೈವರನ ಮುಖ ಕೆಂಪಗೆ ಹೊಳೆಯುತ್ತಿತ್ತು, ವಾರವಿಡೀ ಇದಕ್ಕೇ ಕಾದಿದ್ದವನ ಹಾಗೆ. ಗುಂಡುಸೂಜಿಯ ಅಮ್ಮ ಮಾತ್ರ ಕಾಲುಗಳ ಮಧ್ಯೆ ನುಗ್ಗಿ ಗಂಡನ ಮೈಮೇಲೆ ಅಡ್ಡ ಬಿದ್ದಳು. ಅವಳ ಬೆನ್ನಿಗೂ ಎರಡು ಬಿದ್ದವು.

ಆರೂಕಾಲಿಗೆ ಹಾಲ್ ಖಾಲಿಯಾಗಿತ್ತು. ವಿಡಿಯೋಗಳನ್ನೆಲ್ಲ ಅಳಿಸಿ, ಮಕ್ಕಳ ಜಾಗದ ಮಾನ ಉಳಿಸಿ ಎಂದು ದೊಡ್ಡಮ್ಮ ಒಬ್ಬೊಬ್ಬರ ಕೈ ಹಿಡಿದು ಬೇಡಿಕೊಂಡಿದ್ದಳು. ಅಡುಗೆಯವಳು ಬಟ್ಟೆಯಲ್ಲಿ ಐಸ್ ಸುತ್ತಿ ಚಾರ್ಟಕ್ಕನ ಕೈಗೆ ಕಟ್ಟಿದಳು. ಮೊಣಕೈ ಮತ್ತು ಮಣಿಕಟ್ಟಿನ ನಡುವೆ ಇನ್ನೊಂದು ಕೀಲು ಹುಟ್ಟಿದಂತೆ ಕೈ ಬಾಗಿತ್ತು. ಹಿಂದೆ ಬಟ್ಟೆ ತೊಟ್ಟು ನೋಡುವ ಕೋಣೆಯಾಗಿದ್ದ ಆಫೀಸಿನಲ್ಲಿ ಐದು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು: ದೊಡ್ಡಮ್ಮ, ಚಾರ್ಟಕ್ಕ, ಹಣೆಗೆ ಟವೆಲ್ ಒತ್ತಿಕೊಂಡ ಎಲೆಕ್ಟ್ರಿಷಿಯನ್, ಅವನ ಹೆಂಡತಿ, ಗುಂಡುಸೂಜಿ.

ಪೊಲೀಸರಿಗೆ ಹೇಳಬೇಕು ಎಂದಳು ಚಾರ್ಟಕ್ಕ. ಹೇಳಿದರೆ ಅವನನ್ನು ಒದ್ದ ನಾಲ್ಕೈದು ಜನರ ಹೆಸರೂ ಬರುತ್ತದೆ, ಒಡೆದ ಕನ್ನಡಿಯೂ ಬರುತ್ತದೆ, ಇಲ್ಲಿಗೆ ನಾಳೆಯಿಂದ ಬೀಗವೂ ಬೀಳುತ್ತದೆ ಎಂದಳು ದೊಡ್ಡಮ್ಮ. ಎಲೆಕ್ಟ್ರಿಷಿಯನ್ ಅಳುತ್ತಿದ್ದ. ನಿಜವಾಗಿಯೇ ಅಳುತ್ತಿದ್ದ. ತನ್ನನ್ನು ನೂರು ಜನರ ಮುಂದೆ ಬೆತ್ತಲೆ ನಿಲ್ಲಿಸಿದರು, ಕೈ ತಪ್ಪಿತು, ಕ್ಷಮಿಸಿ ಎಂದ. ಹುಡುಗಿ ಅದೆಲ್ಲವನ್ನೂ ಟೀವಿ ನೋಡಿ ಕಟ್ಟಿದ್ದಾಳೆ ಎಂದು ತಾಯಿ ಹೇಳಿದಳು. ಹೇಳುವಾಗ ಮಗಳ ಜಡೆ ಬಿಚ್ಚಿ, ಹೆಣೆದು, ಮತ್ತೆ ಬಿಚ್ಚುತ್ತಿದ್ದಳು.

ದೊಡ್ಡಮ್ಮ ಮಕ್ಕಳನ್ನು ಒಪ್ಪಿಸುವ ಸಹಿಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. ಇಲ್ಲಿನ ಕಟ್ಟುನಿಟ್ಟು ಅದು: ಕೊನೆಯ ಚಟುವಟಿಕೆ ಯಾರದೋ ಅವರು ಸಹಿ ಹಾಕಿ ಮಗುವನ್ನು ಮನೆಯವರಿಗೆ ಒಪ್ಪಿಸಬೇಕು. ಸಹಿಯಿಲ್ಲದಿದ್ದರೆ ಗೇಟಿನ ಕಾವಲುಗಾರ ಸ್ವಂತ ಅಪ್ಪನ ಜೊತೆಗೂ ಮಗುವನ್ನು ಹೊರಗೆ ಬಿಡುವುದಿಲ್ಲ. ಒಮ್ಮೆ ದೊಡ್ಡಮ್ಮನ ಮೊಮ್ಮಗನನ್ನೇ ಬಿಟ್ಟಿರಲಿಲ್ಲ. ಇಪ್ಪತ್ತೊಂದು ಮಕ್ಕಳ ಹೆಸರಿನ ಎದುರು ಆ ಗಲಾಟೆಯಲ್ಲೇ ಚಾರ್ಟಕ್ಕನ ಬದಲಿಗೆ ದೊಡ್ಡಮ್ಮ ಸಹಿ ಗೀಚಿದ್ದಳು. ಗುಂಡುಸೂಜಿಯ ಒಂದು ಸಾಲು ಉಳಿದಿತ್ತು. ಇದಕ್ಕೆ ಮಾತ್ರ ಅವಳು ತನ್ನ ಹೆಸರು ಹಾಕಲು ತಯಾರಿರಲಿಲ್ಲ.

ಮಾತನ್ನು ಬೆಣ್ಣೆಯಂತೆ ಸವರಿದಳು. ಸೋಮವಾರದಿಂದ ಕೆಲಸ ಖಾಯಂ. ಇಡೀ ವರ್ಷದ ಯೋಜನೆ ನಿನ್ನದೇ, ನಾನು ಬಾಯಿ ಹಾಕುವುದಿಲ್ಲ. ಆಸ್ಪತ್ರೆಗೆ ಈಗಲೇ ನನ್ನ ಕಾರಿನಲ್ಲಿ ಹೋಗೋಣ, ಮೆಟ್ಟಿಲಲ್ಲಿ ಜಾರಿದೆ ಎಂದರೆ ಸಾಕು. ಈ ಒಂದು ಸಾಲು ಮುಗಿಸಿದರೆ ಎಲ್ಲರೂ ಮನೆಗೆ.

ಚಾರ್ಟಕ್ಕ ಹುಡುಗಿಯ ಕಡೆ ನೋಡಿದಳು. ಗುಂಡುಸೂಜಿ ಬಹಳ ಹೊತ್ತಿನಿಂದ ಏನನ್ನೋ ಕೇಳಲು ಕಾದು ಕೂತಂತಿದ್ದಳು.

"ಅಕ್ಕ, ನಾನು ಎಲ್ಲಿ ತಪ್ಪು ಬಾರಿಸಿದೆ?"

ತಾಯಿಯ ಕೈ ಜಡೆಯಲ್ಲೇ ನಿಂತಿತು.

"ಎಲ್ಲೂ ಇಲ್ಲ," ಎಂದಳು ಚಾರ್ಟಕ್ಕ. "ಒಂದು ಕಡೆಯೂ ತಪ್ಪಲಿಲ್ಲ ನೀನು."

ಎಲೆಕ್ಟ್ರಿಷಿಯನ್ ಟವೆಲ್ ಮಡಚಿ ಎದ್ದು ನಿಂತ. ಮಗಳ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡ. ಹೊತ್ತಾಯಿತು, ಹೋಗೋಣ ಎಂದ, ದಿನವೂ ಹೇಳುವ ಮೆತ್ತನೆಯ ದನಿಯಲ್ಲಿ. ದೊಡ್ಡಮ್ಮ ಪೆನ್ನಿನ ಕ್ಯಾಪ್ ತೆಗೆದು ಚಾರ್ಟಕ್ಕನ ಮುಂದೆ ಹಿಡಿದಳು.

ಚಾರ್ಟಕ್ಕ ಮಡಿಲಲ್ಲಿದ್ದ ಬಲಗೈಯನ್ನು ನೋಡಿದಳು. ಬೆರಳುಗಳು ಊದಿ ನೀಲಿಯಾಗಿದ್ದವು. ಈ ಕೈಯಲ್ಲಿ ಆಗುವುದಿಲ್ಲ ಎಂದು ಹೇಳಿ ಸುಮ್ಮನಾಗಿಬಿಡಬಹುದಿತ್ತು. ಬಾಯಿಗೆ ಬಂದದ್ದೂ ಅದೇ. ದೊಡ್ಡಮ್ಮ ಅಷ್ಟರಲ್ಲಿ ಅದನ್ನು ಊಹಿಸಿದ್ದಳು.

"ಎಡಗೈಲಿ ಹಾಕಮ್ಮ, ಸೊಟ್ಟಗೆ ಗೀಚಿದ್ರೂ ನಡೆಯುತ್ತೆ."

"ಹಾಕಲ್ಲ," ಎಂದಳು ಚಾರ್ಟಕ್ಕ.