ಮದುವೆಗೆ ರಜೆ ಇಲ್ಲ

ಸೆನೆಟ್ಟಿನಲ್ಲಿ ಮಾರ್ಲಿಸ್ ಪಕ್ಷಕ್ಕೆ ಒಂದೇ ಒಂದು ಓಟಿನ ಬಹುಮತ. ಊರಿನ ಹೆರಿಗೆ ವಾರ್ಡನ್ನು ಮತ್ತೆ ತೆರೆಸುವ ಅವಳ ಬಿಲ್ ಪಾಸಾಗಲು ಅಷ್ಟೇ ಸಾಕಿತ್ತು. ಆದರೆ ಎದುರು ಪಕ್ಷದ ವೆಂಡೆಲ್ ಕ್ಲೆಂಕ್ ಬಾಯಿ ಮುಚ್ಚಿದರೆ ತಾನೇ ಓಟು? ಮಾತು ಮುಗಿಯದೆ ಓಟಿಲ್ಲ, ಭಾಷಣ ನಿಲ್ಲಿಸಬೇಕಾದರೆ ಮೂರನೇ ಎರಡು ಪಾಲು ಸದಸ್ಯರು ಬೇಕು. ಹೋದ ವರ್ಷ ಅಧಿವೇಶನ ಮುಗಿಯುವವರೆಗೂ ಅಡುಗೆ ಪುಸ್ತಕ ಓದಿ ಬಿಲ್ಲನ್ನು ಕೊಂದಿದ್ದ. ಆ ಚಳಿಗಾಲ, ದೂರದ ಆಸ್ಪತ್ರೆಗೆ ಹೋಗುವಾಗ, ಹಿಮ ಬಿದ್ದ ಹೆದ್ದಾರಿಯಲ್ಲಿ, ಕಾರಿನಲ್ಲೇ ಮಾರ್ಲಿಸ್‌ಳ ತಂಗಿಗೆ ಹೆರಿಗೆಯಾಯಿತು. ಮಗು ಉಳಿಯಲಿಲ್ಲ.

ಇವತ್ತು ಮತ್ತೆ ಕೊನೆಯ ದಿನ. ಐದಕ್ಕೆ ಸದನ ಬಂದ್. ಅಲ್ಲಿಯವರೆಗೆ ಬಾಗಿಲುಗಳಿಗೆ ಬೀಗ, ಯಾರೇ ಹೊರಗೆ ಹೋಗಬೇಕಾದರೂ ಎಲ್ಲರೂ ಒಪ್ಪಬೇಕು. ತಂಗಿ ಮೇಲೆ ಗ್ಯಾಲರಿಯಲ್ಲಿ ಕೂತಿದ್ದಳು.

ಕೋಟಿಗೆ ಬಿಳಿ ಹೂ ಸಿಕ್ಕಿಸಿಕೊಂಡಿದ್ದ ವೆಂಡೆಲ್ ಎದ್ದ. "ಅಧ್ಯಕ್ಷರೇ, ಎರಡು ಗಂಟೆಗೆ ನನ್ನ ಮಗಳ ಮದುವೆ. ರಜೆ ಕೊಡಿ."

ಮಾರ್ಲಿಸ್‌ಳ ರಕ್ತ ಕುದಿಯಿತು. ಪಕ್ಕದಲ್ಲಿದ್ದ ಪಕ್ಷದ ಲೀಡರ್ ಓಪಲ್ ಅವಳ ತೋಳು ಹಿಡಿದು, "ಬಾಯ್ ಮುಚ್ಕೊಂಡು ಕೂತ್ಕೋ" ಎಂದು ಪಿಸುಗುಟ್ಟಿದಳು. ಮಾರ್ಲಿಸ್ ತೋಳು ಕೊಸರಿಕೊಂಡು ಎದ್ದಳು.

"ಆಕ್ಷೇಪಣೆ ಇದೆ! ನನ್ ತಂಗಿ ಹೆರಿಗೆಗೆ ನೀನು ದಾರಿ ಬಿಟ್ಟಿದ್ಯಾ, ನಿನ್ ಮಗಳ ಮದ್ವೆಗೆ ನಾನ್ ಬಿಡಕ್ಕೆ?"

ಮಾರ್ಲಿಸ್‌ಗೆ ಒಳಗೊಳಗೇ ಬ್ಯಾಂಡ್ ಬಾರಿಸಿದಂತಾಯಿತು.

"ಲೇ ತಾಯಿ," ಓಪಲ್ ಹಣೆ ಚಚ್ಚಿಕೊಂಡಳು, "ಅವ್ನೊಬ್ಬ ಆಚೆ ಹೋಗಿದ್ರೆ ಮುಗೀತಿತ್ತು. ಅವ್ರಲ್ಲಿ ಐದರ ತನಕ ಎಳೆಯೋ ಗಂಟಲು ಬೇರೆ ಯಾರಿಗಿದೆ? ಹೋಗ್ತಿದ್ದ ಶನೀನ ನೀನೇ ಕೈ ಹಿಡಿದು ಕೂರಿಸ್ದೆ!"

ಬ್ಯಾಂಡ್ ನಿಂತಿತು. ಮಾರ್ಲಿಸ್ ಮತ್ತೆ ಎದ್ದಳು. "ಅಧ್ಯಕ್ಷರೇ, ಆಕ್ಷೇಪಣೆ ವಾಪಸ್ ತಗೋತೀನಿ. ಅವ್ರು ಹೋಗ್ಲಿ."

ವೆಂಡೆಲ್ ನಕ್ಕ. ಕೋಟು ಕಳಚಿ ಕುರ್ಚಿಗೆ ಹಾಕಿದ. "ಬೇಡ ಬಿಡಮ್ಮ. ಈಗ ರಜೆ ನಂಗೇ ಬೇಡ. ಮಗಳು ಕ್ಷಮಿಸ್ತಾಳೋ ಇಲ್ವೋ ಗೊತ್ತಿಲ್ಲ, ನಿನ್ ಬಿಲ್ ಮಾತ್ರ ಇವತ್ತು ಬದುಕಲ್ಲ."

ಜೇಬಿನಿಂದ ಮದುವೆ ಊಟದ ಮೆನು ತೆಗೆದ. ಸೂಪಿನಿಂದ ಶುರು. ಎರಡಾಯಿತು, ಒಮ್ಮೆ ಗಡಿಯಾರದತ್ತ ನೋಡಿದ, ಓದು ನಿಲ್ಲಿಸಲಿಲ್ಲ. ಆಲೂಗಡ್ಡೆಯ ಮೇಲೇ ಒಂದು ಗಂಟೆ ಮಾತಾಡಿದ. ಕೇಕಿಗೆ ಬರುವಷ್ಟರಲ್ಲಿ ಐದರ ಗಂಟೆ ಹೊಡೆಯಿತು. ಬಿಲ್ ಸತ್ತಿತು.

ಹೊರಡುವಾಗ ವೆಂಡೆಲ್ ಬಾಡಿದ ಹೂವನ್ನು ಮಾರ್ಲಿಸ್‌ಳ ಮೇಜಿನ ಮೇಲೆ ಎಸೆದ.

ಅವಳು ಅದನ್ನು ಎತ್ತಿ ತನ್ನ ಕೋಟಿಗೆ ಸಿಕ್ಕಿಸಿಕೊಂಡಳು. "ಇಟ್ಕೊಂಡಿರ್ತೀನಿ ಕ್ಲೆಂಕ್. ಮುಂದಿನ್ ವರ್ಷ ಮೊಮ್ಮಗುವಿನ ನಾಮಕರಣಕ್ಕೆ ರಜೆ ಕೇಳಕ್ ಬರ್ತೀಯಲ್ಲ, ಆವಾಗ ವಾಪಸ್ ಕೊಡ್ತೀನಿ."

ಡೈಲಾಗೇನೋ ಹೊಡೆದಳು. ತಂಗಿ ಕೂತಿದ್ದ ಗ್ಯಾಲರಿಯತ್ತ ಮಾತ್ರ ತಲೆ ಎತ್ತಲಿಲ್ಲ.